ಬೆಳಗಿನ ಮಟನ್ ಮಧ್ಯಾಹ್ನಕ್ಕೇ ಜಿಗಟಾಗುತ್ತಿದೆಯಾ? ದೋಷ ಹುಡುಕುವ ದಾರಿ

ವಿಜಯಪುರದ ಬೇಸಿಗೆಯಲ್ಲಿ ಖಂಡದ ಅಂಗಡಿಯವರ ದೂರು ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ಐದಕ್ಕೆ ಕುರಿ ಕೊಯ್ದಿರುತ್ತಾರೆ. ಹನ್ನೆರಡಕ್ಕೆ ಕಮಟು ವಾಸನೆ, ಎರಡಕ್ಕೆ ಮೇಲೆಲ್ಲ ಜಿಗಟು, ಸಂಜೆಗೆ ಗಿರಾಕಿ ಚೀಲ ಹಿಡಿದುಕೊಂಡು ವಾಪಸ್. ಮೊದಲು ಬೈಸಿಕೊಳ್ಳುವುದು ಫ್ರಿಜ್, ಆಮೇಲೆ ಕರೆಂಟು, ಆಮೇಲೆ ಬಿಸಿಲು. ಹೊಸ ಫ್ರಿಜ್ ತಂದರೂ ದೂರು ನಿಲ್ಲದಿದ್ದರೆ ಕುರಿ ಮಾರಿದವನಿಗೆ ಬೈಗುಳ.

ಬಿಸಿಲು ಕಾರಣವಲ್ಲ ಅಂತ ನಾನು ಹೇಳುವುದಿಲ್ಲ. 40 ಡಿಗ್ರಿ ದಾಟುವ ಊರು ಇದು. ಆದರೆ ಅದೇ ಬಿಸಿಲು ಎದುರಿನ ಅಂಗಡಿಗೂ ಬೀಳುತ್ತದೆ ಅಲ್ವಾ? ಅಲ್ಲಿಯ ಮಟನ್ ಸಂಜೆವರೆಗೆ ತಡೆದು, ನಿಮ್ಮದು ಮಧ್ಯಾಹ್ನಕ್ಕೇ ಕೈಕೊಟ್ಟರೆ ವ್ಯತ್ಯಾಸ ಬೇರೆ ಎಲ್ಲೋ ಇದೆ. ಹೆಚ್ಚಿನ ಸಲ ಅದು ಅಂಗಡಿಗೆ ಬರುವ ಮೊದಲೇ, ತೊಗಲು ಬಿಡಿಸುವ ಹೊತ್ತಿನಲ್ಲೇ ಆಗಿ ಹೋಗಿರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಆರೋಗ್ಯವಾಗಿರುವ ಕುರಿಯ ಮಾಂಸದ ಒಳಗೆ ಬ್ಯಾಕ್ಟೀರಿಯಾ ಇಲ್ಲ ಎನ್ನುವಷ್ಟು ಕಡಿಮೆ. ಇರುವುದೆಲ್ಲ ತೊಗಲಿನ ಮೇಲೆ, ಉಣ್ಣೆಯಲ್ಲಿ, ಗೊರಸಿನಲ್ಲಿ, ಕರುಳಿನಲ್ಲಿ. ಅವು ಖಂಡದ ಮೇಲೆ ಬರುವುದು ಕೈ, ಚೂರಿ, ನೀರು, ಬಟ್ಟೆಯ ಮೂಲಕ. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 1 ಕೋಟಿ ಆದಾಗ ಮೂಗಿಗೆ ಗೊತ್ತಾಗುತ್ತದೆ, ಅದರ ಹತ್ತುಪಟ್ಟಾದಾಗ ಕೈಗೆ ಲೋಳೆ ಸಿಗುತ್ತದೆ. ಸ್ವಚ್ಛವಾಗಿ ಬಿಡಿಸಿದ ಖಂಡ 1,000ದಿಂದ ಶುರುವಾಯಿತು ಅಂದುಕೊಳ್ಳಿ. 1 ಕೋಟಿ ಮುಟ್ಟಲು ಅದು ಸುಮಾರು 13 ಸಲ ಎರಡುಪಟ್ಟಾಗಬೇಕು. ಗಲೀಜಾಗಿ ಬಿಡಿಸಿದ್ದು 1 ಲಕ್ಷದಿಂದ ಶುರುವಾದರೆ 7 ಸಲ ಸಾಕು. ನಮ್ಮ ಸೆಕೆಯಲ್ಲಿ ಅರ್ಧ ಗಂಟೆಗೊಮ್ಮೆ ಎರಡುಪಟ್ಟಾಗುತ್ತದೆ ಎಂದು ಹಿಡಿದರೂ ಒಂದಕ್ಕೆ ಆರೂವರೆ ಗಂಟೆ, ಇನ್ನೊಂದಕ್ಕೆ ಮೂರೂವರೆ. ಬಿಸಿಲು ಅದೇ, ಅಂಗಡಿ ಅದೇ, ಫ್ರಿಜ್ಜೂ ಅದೇ. ಶುರುವಾದ ಅಂಕಿ ಮಾತ್ರ ಬೇರೆ.

ಹಾಗಾಗಿ ಫ್ರಿಜ್ ರಿಪೇರಿಯವನಿಗೆ ಫೋನ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಕುರಿಯ ಯಾವ ಭಾಗ ಮೊದಲು ಕೆಡುತ್ತಿದೆ? ಯಾವ ಹೊತ್ತಿಗೆ ಕೆಡುತ್ತಿದೆ?

ಯಾವ ಭಾಗ ಮೊದಲು ಕೆಡುತ್ತದೆ

ಕೆಟ್ಟ ತುಂಡನ್ನು ಚೆಲ್ಲುವ ಮುಂಚೆ ಅದು ಕುರಿಯ ಯಾವ ಜಾಗದ್ದು ಅಂತ ಬರೆದಿಡಿ. ಒಂದು ವಾರ ಬರೆದರೆ ಗೊತ್ತಾಗುತ್ತದೆ.

ಎದೆ ಮತ್ತು ಕಾಲಿನ ಒಳಮಗ್ಗುಲು ಮೊದಲು ಕೆಟ್ಟರೆ ತೊಗಲು ಬಿಡಿಸುವುದರಲ್ಲೇ ತಪ್ಪಿದೆ. ಚೂರಿಯ ಮೊದಲ ಗೀಟು ಬೀಳುವುದು ಅಲ್ಲೇ. ನೋಡಿ, ಕುರಿ ಹಟ್ಟಿಯ ಹಿಕ್ಕೆ-ಗಂಜಳದಲ್ಲಿ ಮಲಗೆದ್ದು ಬಂದಿರುತ್ತದೆ, ಉಣ್ಣೆಯಲ್ಲಿ ಅದೆಲ್ಲ ಒಣಗಿ ಕೂತಿರುತ್ತದೆ, ಕೊಯ್ಯುವವನು ಅದೇ ಉಣ್ಣೆಯನ್ನು ಎಡಗೈಯಲ್ಲಿ ಹಿಡಿದೆಳೆದು ಅದೇ ಕೈಯ ಮುಷ್ಟಿಯನ್ನು ತೊಗಲಿಗೂ ಖಂಡಕ್ಕೂ ನಡುವೆ ನುಗ್ಗಿಸುತ್ತಾನೆ, ಹೀಗೆ ಮಾಡಿದರೆ ಕೆಲಸ ಬೇಗ ಆಗುತ್ತದೆ ನಿಜ, ಜೊತೆಗೆ ಹಟ್ಟಿಯೂ ಖಂಡಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಿದ ತೊಗಲಿನ ಅಂಚು ಒಳಕ್ಕೆ ಸುರುಳಿ ಸುತ್ತಿ ಉಣ್ಣೆ ಖಂಡವನ್ನು ಮುಟ್ಟುವುದೂ ಇದೇ ಕಥೆ. ಪರಿಹಾರಕ್ಕೆ ದುಡ್ಡು ಬೇಕಿಲ್ಲ, ಅಭ್ಯಾಸ ಬದಲಾಗಬೇಕು. ಒಂದು ಕೈ ಉಣ್ಣೆಗೆ, ಇನ್ನೊಂದು ಕೈ ಖಂಡಕ್ಕೆ. ಉಣ್ಣೆ ಮುಟ್ಟಿದ ಕೈ ತೊಳೆಯದೆ ಒಳಗೆ ಹೋಗಬಾರದು. ತೊಗಲಿನ ಅಂಚು ಯಾವಾಗಲೂ ಹೊರಕ್ಕೆ ಮಡಚಿರಬೇಕು. ಮೊದಲ ಗೀಟಿಗೆ ಒಂದು ಚೂರಿ, ಒಳಗಿನ ಕೆಲಸಕ್ಕೆ ಬೇರೆ ಚೂರಿ. ದೊಡ್ಡ ಕಸಾಯಿಖಾನೆಗಳಲ್ಲಿ ಚೂರಿ ಅದ್ದಲು 82 ಡಿಗ್ರಿಯ ನೀರು ಇಟ್ಟಿರುತ್ತಾರೆ, ನಮ್ಮ ಕಡೆ ಒಲೆಯ ಮೇಲೆ ಕುದಿಯುವ ಒಂದು ಪಾತ್ರೆ ಇದ್ದರೂ ನಡೆಯುತ್ತದೆ. ಒಂದು ಚೂರಿ ನೀರಿನಲ್ಲಿ, ಒಂದು ಕೈಯಲ್ಲಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತೊಗಲು ಸಲೀಸಾಗಿ ಬರಲಿ ಅಂತ ಕಾಲಿನ ಹತ್ತಿರ ಸಣ್ಣ ತೂತು ಮಾಡಿ ಬಾಯಿಂದ ಗಾಳಿ ಊದುವ ರೂಢಿ ಇದೆ. ಕೆಲವರು ಸೈಕಲ್ ಪಂಪ್ ಹಚ್ಚುತ್ತಾರೆ. ಬಾಯಿಂದ ಊದಿದರೆ ಊದುವವನ ಮೂಗು-ಗಂಟಲಿನ ಬ್ಯಾಕ್ಟೀರಿಯಾ ತೊಗಲಿನ ಅಡಿಯೆಲ್ಲ ಹರಡುತ್ತದೆ. ಪಂಪ್ ಆದರೆ ನೆಲದ ಧೂಳು. ಅಲ್ಲಿಗೆ ಮೇಲೆ ಮಾತ್ರ ಇರಬೇಕಾದದ್ದು ಪದರದೊಳಗೆ ಇಳಿಯುತ್ತದೆ. ತೊಳೆದರೂ ಹೋಗುವುದಿಲ್ಲ. ಎಷ್ಟೇ ಹಳೆಯ ರೂಢಿಯಾದರೂ ಇದನ್ನು ಬಿಡಬೇಕು, ಇದರಲ್ಲಿ ನನ್ನದು ರಾಜಿ ಇಲ್ಲ.

ಕುತ್ತಿಗೆ ಭಾಗ ಹಸಿರು ಹಸಿರಾಗಿ, ಹುಲ್ಲಿನ ವಾಸನೆ ಬಂದರೆ ಅನ್ನನಾಳ ಕಟ್ಟಿಲ್ಲ ಅಂತ ಅರ್ಥ. ಕುತ್ತಿಗೆ ಕೊಯ್ದಾಗ ಅನ್ನನಾಳವೂ ಕತ್ತರಿಸಿರುತ್ತದೆ, ತಲೆಕೆಳಗಾಗಿ ತೂಗು ಹಾಕಿದ ಕೂಡಲೇ ಹೊಟ್ಟೆಯ ಮೇವು ಕೆಳಗಿಳಿದು ಕುತ್ತಿಗೆಯ ಖಂಡಕ್ಕೆ ಮೆತ್ತುತ್ತದೆ. ರಕ್ತ ಪೂರ್ತಿ ಬಸಿದ ಮೇಲೆ ಒಂದು ದಾರ ಕಟ್ಟಿದರೆ ಮುಗಿಯಿತು. ತೊಡೆ ಮತ್ತು ಬಾಲದ ಬುಡ ಕೆಡುತ್ತಿದ್ದರೆ ಹಿಂದಿನ ದ್ವಾರವನ್ನು ಬಿಡಿಸಿ ಕಟ್ಟುವುದು ತಪ್ಪಿದೆ. ಪಕ್ಕೆ, ಹೊಟ್ಟೆಯ ಭಾಗ ಕೆಡುತ್ತಿದ್ದರೆ ಕರುಳು ತೆಗೆಯುವಾಗ ತೂತು ಬಿದ್ದಿದೆ. ಹೊಟ್ಟೆ ತುಂಬ ಮೇವಿದ್ದ ಕುರಿಯಲ್ಲಿ ಇದು ಜಾಸ್ತಿ, ಅದಕ್ಕೇ ಹಿಂದಿನ ರಾತ್ರಿ ಮೇವು ನಿಲ್ಲಿಸಿ ನೀರು ಮಾತ್ರ ಇಡಬೇಕು.

ಒಮ್ಮೆ ಮೇವೋ ಹಿಕ್ಕೆಯೋ ಖಂಡದ ಮೇಲೆ ಚೆಲ್ಲಿದರೆ ನಮ್ಮವರು ತಕ್ಷಣ ಮಾಡುವುದು ಒಂದು ಕೊಡ ನೀರು ಸುರಿಯುವುದು. ಮಾಡಬಾರದ್ದು ಅದೇ. ಕಣ್ಣಿಗೆ ಕಾಣುವ ಕಲೆ ಹೋಗುತ್ತದೆ, ಬ್ಯಾಕ್ಟೀರಿಯಾ ಅಂಗೈ ಅಗಲದ ಜಾಗದಿಂದ ಇಡೀ ಕುರಿಗೆ ಹರಿಯುತ್ತದೆ. ಕಲೆ ಬಿದ್ದ ಜಾಗವನ್ನು ಸ್ವಚ್ಛ ಚೂರಿಯಿಂದ ಸುತ್ತ ಸ್ವಲ್ಪ ಬಿಟ್ಟು ಕೆತ್ತಿ ತೆಗೆಯಿರಿ. 100 ಗ್ರಾಂ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ.

ಮತ್ತೆ, ಇಡೀ ಕುರಿ ಒಂದೇ ಸಮ ಕೆಟ್ಟರೆ? ಆಗ ತೊಗಲಿನ ತಂಟೆ ಬಿಡಿ. ಎಲ್ಲ ಕಡೆ ಮುಟ್ಟುವ ವಸ್ತು ಯಾವುದು ಅಂತ ಯೋಚಿಸಿ. ನೀರು, ಒರೆಸುವ ಬಟ್ಟೆ, ಸಾಗಿಸುವ ಗೋಣಿಚೀಲ, ಈ ಮೂರರಲ್ಲಿ ಒಂದು.

ನೀರಿಗೆ ಸುಲಭ ಪರೀಕ್ಷೆ ಇದೆ. ಎಚ್2ಎಸ್ ಬಾಟಲಿ ಅಂತ ಸಿಗುತ್ತದೆ. ಹಳ್ಳಿಗಳಲ್ಲಿ ಕುಡಿಯುವ ನೀರು ನೋಡಲು ಬಳಸುವುದು ಇದನ್ನೇ. ಟ್ಯಾಂಕಿನ ನೀರು ಗೆರೆಯವರೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಬಿಡಿ. ಕಪ್ಪಾದರೆ ಆ ನೀರಿಗೆ ಮಲದ ಸಂಪರ್ಕ ಇದೆ ಎಂದು ಶಂಕಿಸಬೇಕು. ನಲ್ಲಿಯಿಂದ ಬಂದಾಗ ಚೆನ್ನಾಗಿದ್ದ ನೀರು ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ ನಾಲ್ಕು ದಿನ ಕೂತು, ಅದಕ್ಕೇ ರಕ್ತದ ಕೈ ಅದ್ದಿ, ಅದೇ ಚೊಂಬು ಮುಳುಗಿಸಿ ಕೆಡುವುದೇ ಹೆಚ್ಚು. ಹಾಗಾಗಿ ನಲ್ಲಿಯ ನೀರಿಗೊಂದು ಬಾಟಲಿ, ಡ್ರಮ್ಮಿನ ನೀರಿಗೊಂದು ಬಾಟಲಿ ಬೇರೆ ಬೇರೆ ಇಡಿ. ಯಾವುದು ಕಪ್ಪಾಯಿತು ಅನ್ನುವುದರಲ್ಲೇ ಉತ್ತರ ಇದೆ. ಡ್ರಮ್ಮಿಗೆ ಕೆಳಗೊಂದು ನಲ್ಲಿ ಹಾಕಿಸಿ, ಚೊಂಬು ಬಿಸಾಡಿ.

ಬಟ್ಟೆಗೆ ಪರೀಕ್ಷೆಯೇ ಬೇಡ. ಒದ್ದೆ ಬಟ್ಟೆಯಿಂದ ಮೊದಲ ಕುರಿ ಒರೆಸಿ, ಅದರಿಂದಲೇ ಹತ್ತನೆಯದನ್ನು ಒರೆಸಿದರೆ ಮೊದಲನೆಯದರ ಗಲೀಜು ಹತ್ತಕ್ಕೂ ಹಂಚಿದ ಹಾಗೆ. ಬಟ್ಟೆ ಬೇಡವೇ ಬೇಡ.

ಕೆಡುವ ಹೊತ್ತು ಏನು ಹೇಳುತ್ತದೆ

ಅಂಗಡಿಗೆ ಬಂದಾಗಲೇ ಬೆಳಗ್ಗೆ ಆರಕ್ಕೆ ಖಂಡ ಕೈಗೆ ಅಂಟುತ್ತದೆ, ಆದರೆ ವಾಸನೆ ಏನೂ ಇಲ್ಲ. ಬಣ್ಣ ಕಡು ಕೆಂಪು, ಕಪ್ಪಿನ ಕಡೆಗೆ. ಮುಟ್ಟಿದರೆ ಬಿರುಸು, ಒಣ ಒಣ. ಇದು ಬ್ಯಾಕ್ಟೀರಿಯಾದ ಲೋಳೆಯಲ್ಲ. ದಣಿದಿರುವಾಗಲೇ ಕುರಿ ಕೊಯ್ದಿದ್ದಾರೆ.

ಇದು ನಮ್ಮ ಕಡೆ ಜಾಸ್ತಿ, ಕಾರಣವೂ ಗೊತ್ತಿರುವುದೇ. ಅಮೀನಗಡದ ಸಂತೆಯಲ್ಲೋ ಕೆರೂರ ಸಂತೆಯಲ್ಲೋ ಕುರಿ ಕೊಂಡು, ಟೆಂಪೋದಲ್ಲಿ ಒತ್ತಿ ತುಂಬಿ, ದಾರಿಯುದ್ದಕ್ಕೂ ನೀರಿಲ್ಲದೆ ತಂದು, ಇಳಿಸಿದ ರಾತ್ರಿಯೇ ಕೊಯ್ಯುತ್ತಾರೆ. ಸ್ನಾಯುವಿನಲ್ಲಿ ಗ್ಲೈಕೋಜನ್ ಅಂತ ಒಂದು ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಅದು ಆಮ್ಲವಾಗಿ ಮಾರ್ಪಟ್ಟು ಖಂಡದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಅನ್ನು 7ರಿಂದ 5.5-5.8ಕ್ಕೆ ಇಳಿಸುತ್ತದೆ. ಈ ಹುಳಿಯೇ ಬ್ಯಾಕ್ಟೀರಿಯಾಕ್ಕೆ ಮೊದಲ ಅಡ್ಡಗಾಲು. ದಣಿದ ಕುರಿಯಲ್ಲಿ ಆ ದಾಸ್ತಾನು ದಾರಿಯಲ್ಲೇ ಖಾಲಿಯಾಗಿರುತ್ತದೆ, ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಅಂಥ ಖಂಡ ಎಷ್ಟೇ ಸ್ವಚ್ಛವಾಗಿ ಬಿಡಿಸಿದರೂ ಬೇಗ ಕೆಡುತ್ತದೆ. ಔಷಧ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ ಪಿಎಚ್ ಪಟ್ಟಿಯನ್ನು ಹೊಸದಾಗಿ ಕೊಯ್ದ ತೊಡೆಯ ಸೀಳಿಗೆ ಒತ್ತಿ ನೋಡಿ. ಕೊಯ್ದ ಗಂಟೆಯೊಳಗೆ ನೋಡಿದರೆ ಎಲ್ಲವೂ ಜಾಸ್ತಿಯೇ ತೋರಿಸುತ್ತದೆ, ಆಗ ಅವಸರದ ತೀರ್ಮಾನ ಬೇಡ. ಒಂದು ತುಂಡು ಫ್ರಿಜ್ಜಿನಲ್ಲಿಟ್ಟು ಮರುದಿನ ನೋಡಿ. ಆಗಲೂ 6.2 ದಾಟಿದ್ದರೆ ದೋಷ ಟೆಂಪೋದ್ದು. ಕಸಾಯಿಖಾನೆಗಳ 2001ರ ಕೇಂದ್ರ ನಿಯಮದಲ್ಲಿ ಕೊಯ್ಯುವ ಮೊದಲು ಪ್ರಾಣಿಗೆ 24 ಗಂಟೆ ವಿಶ್ರಾಂತಿ ಅಂತ ಇದೆ. ಅದನ್ನು ಬರೀ ದಯೆಯ ಮಾತು ಅಂದುಕೊಂಡವರೇ ಜಾಸ್ತಿ, ಖಂಡ ತಡೆಯುವುದಕ್ಕೂ ಅದೇ ಬೇಕು.

ಬೆಳಗ್ಗೆ ಎಲ್ಲ ಸರಿ ಇದ್ದು, ಹತ್ತು-ಹನ್ನೊಂದರ ನಂತರ ಕೊರಡಿನ ಮೇಲೆ ಕಡಿದ ತುಂಡುಗಳು ಮಾತ್ರ ಕೆಟ್ಟು, ತೂಗು ಹಾಕಿದ್ದು ಚೆನ್ನಾಗಿದ್ದರೆ ಕೊರಡನ್ನು ನೋಡಿ. ಹುಣಸೆ ದಿಮ್ಮಿ ಗಟ್ಟಿ, ಒಳ್ಳೆಯದೇ. ಆದರೆ ನಡುವೆ ತಗ್ಗು ಬಿದ್ದು ಮಚ್ಚಿನ ಗೀರುಗಳಲ್ಲಿ ಕೊಬ್ಬು, ಮೂಳೆ ಪುಡಿ ಕೂತರೆ ಮೇಲಿಂದ ನೀರು ಹೊಯ್ದು ಉಪಯೋಗವಿಲ್ಲ. ರಾತ್ರಿ ಮೊದಲು ಕೆರೆಯಬೇಕು, ಆಮೇಲೆ ಬಿಸಿನೀರು ಮತ್ತು ಸಾಬೂನು, ಆಮೇಲೆ ಕ್ಲೋರಿನ್. ಈ ಕ್ರಮ ತಪ್ಪಬಾರದು, ಯಾಕೆಂದರೆ ಕೊಬ್ಬು ರಕ್ತ ಉಳಿದಿದ್ದರೆ ಕ್ಲೋರಿನ್ ಅದನ್ನು ಸುಡುವುದರಲ್ಲೇ ಖರ್ಚಾಗುತ್ತದೆ. ಬಾಟಲಿಯ ಮೇಲೆ 4% ಸೋಡಿಯಂ ಹೈಪೋಕ್ಲೋರೈಟ್ ಅಂತಿದ್ದರೆ ಲೀಟರ್ ನೀರಿಗೆ 5 ಮಿಲಿ, ಅಂದರೆ 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ). ಸ್ವಲ್ಪ ಹೊತ್ತು ಬಿಟ್ಟು ಒಳ್ಳೆಯ ನೀರಿನಿಂದ ತೊಳೆದು ಒಣಗಿಸಿ. ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಇದನ್ನು ಸುಮ್ನೆ ಕೂಡ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಹಳಬರು ಕೊರಡಿಗೆ ರಾತ್ರಿ ಕಲ್ಲುಪ್ಪು ಉಜ್ಜಿ ಬಿಡುತ್ತಾರಲ್ಲ, ಅದು ಸರಿಯಾದ ಕೆಲಸವೇ. ಉಪ್ಪು ತೇವ ಎಳೆಯುತ್ತದೆ, ತೇವ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ತೇವದ ಮಾತು ಬಂತು. ತೂಗು ಹಾಕಿದ ಖಂಡ ಒಣಗಿ ಕಾಣುತ್ತದೆ, ಗಿರಾಕಿ ಮೂಗು ಮುರಿಯುತ್ತಾನೆ ಅಂತ ಗಂಟೆಗೊಮ್ಮೆ ನೀರು ಚಿಮುಕಿಸುವವರಿದ್ದಾರೆ. ಮೇಲಿನ ಆ ಒಣ ಪದರವೇ ಖಂಡವನ್ನು ಕಾಯುವುದು. ನೀರು ಚಿಮುಕಿಸುವುದು ನಿಲ್ಲಿಸಿ, ಸೊಳ್ಳೆ ಪರದೆಯಂಥ ಜಾಲರಿ ಹಾಕಿ, ಫ್ಯಾನ್ ಹಚ್ಚಿ. ಬರೀ ಇಷ್ಟಕ್ಕೇ ದೂರು ನಿಂತ ಅಂಗಡಿಗಳನ್ನು ನೋಡಿದ್ದೇನೆ.

ಖೀಮಾ ಮಾತ್ರ ಕೆಟ್ಟರೆ ಯಂತ್ರ ಬಿಚ್ಚಿ. ತಿರುಪು, ಜಾಲರಿ ತಟ್ಟೆ, ಬ್ಲೇಡು ಮೂರೂ ಹೊರಗೆ ಬರಬೇಕು. ಇವತ್ತಿನ ಮೊದಲ ಅರ್ಧ ಕಿಲೋದಲ್ಲಿ ನಿನ್ನೆಯ ಖಂಡ ಇರುತ್ತದೆ. ತುಂಡಿನಲ್ಲಿ ಮೇಲಷ್ಟೇ ಇದ್ದದ್ದು ಖೀಮಾದಲ್ಲಿ ಒಳಹೊರಗೆಲ್ಲ ಹರಡುವುದರಿಂದ ಗಿರಾಕಿ ಕೇಳಿದಾಗ ಮಾತ್ರ ಅರೆಯಿರಿ, ಮೊದಲೇ ಅರೆದು ರಾಶಿ ಹಾಕಬೇಡಿ.

ಈಗ ಫ್ರಿಜ್. ಸಂಜೆ ಒಳಗಿಟ್ಟದ್ದು ಬೆಳಗ್ಗೆ ವಾಸನೆ ಹೊಡೆದರೆ ಮಾತ್ರ ಅದರ ಮೇಲೆ ಅನುಮಾನ ಪಡಿ. ಒಂದು ಲೋಟ ನೀರು ರಾತ್ರಿಯಿಡೀ ಒಳಗಿಟ್ಟು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಥರ್ಮಾಮೀಟರ್ ಅದ್ದಿ. 4-5 ಡಿಗ್ರಿ ಬಂದರೆ ಫ್ರಿಜ್ ಆರೋಪಮುಕ್ತ. ನೀರು ತಣ್ಣಗಿದ್ದು, ರಾಶಿಯ ಅಂಚಿನ ತುಂಡು ಚೆನ್ನಾಗಿದ್ದು, ನಡುವಿನದು ಕೆಟ್ಟಿದ್ದರೆ ಬಿಸಿ ಖಂಡವನ್ನು ಒತ್ತಿ ತುಂಬಿದ್ದೀರಿ, ನಡುಭಾಗ ತಣ್ಣಗಾಗಲು ಇಡೀ ರಾತ್ರಿ ಹಿಡಿದಿದೆ. ತೆಳುವಾಗಿ ಹರಡಿ ಇಡಿ. ಎಲ್ಲ ಸರಿ ಇದ್ದೂ ಮೂರು-ನಾಲ್ಕು ದಿನಕ್ಕೆ ಲೋಳೆ ಬಂದರೆ ಅದು ಸ್ಯೂಡೊಮೊನಾಸ್, ತಣ್ಣಗಿದ್ದರೂ ನಿಧಾನವಾಗಿ ಬೆಳೆಯುವ ಜಾತಿ. ಅಷ್ಟು ದಿನ ಇಟ್ಟದ್ದೇ ತಪ್ಪು, ಫ್ರಿಜ್ ಏನು ಮಾಡೀತು?

ಯಾವುದಕ್ಕೂ ತಾಳ ಸಿಗದಿದ್ದರೆ

ಒಂದೇ ಕುರಿಯಿಂದ ಹೆಬ್ಬೆರಳು ಗಾತ್ರದ ತುಂಡುಗಳನ್ನು ಹಂತ ಹಂತವಾಗಿ ತೆಗೆಯಿರಿ. ತೊಗಲು ಬಿಡಿಸಿದ ಕೂಡಲೇ ಒಂದು, ತೊಳೆದ ಮೇಲೆ ಒಂದು, ಗಾಡಿಯಿಂದ ಇಳಿಸಿದಾಗ ಒಂದು, ಕೊರಡಿನ ಮೇಲೆ ಕಡಿದ ಮೇಲೆ ಒಂದು. ಎಲ್ಲವೂ ತೊಡೆಯ ಹೊರಮೈಯವೇ ಆಗಿರಲಿ. ಪ್ರತಿ ಸಲ ಕುದಿನೀರಿಗೆ ಅದ್ದಿದ ಚೂರಿ, ಹೊಸ ಜಿಪ್ ಚೀಲ, ಮೇಲೆ ಗುರುತು. ಎಲ್ಲವನ್ನೂ ಒಟ್ಟಿಗೆ ಫ್ರಿಜ್ಜಿನ ಒಂದೇ ತಟ್ಟೆಯಲ್ಲಿಟ್ಟು ಬೆಳಗ್ಗೆ ಸಂಜೆ ಮೂಸಿ ನೋಡಿ. ಗುರುತು ಗೊತ್ತಿಲ್ಲದ ಮನೆಯವರಿಂದ ಮೂಸಿಸಿದರೆ ಇನ್ನೂ ಒಳ್ಳೆಯದು. ಮೊದಲ ಎರಡು ತಡೆದು ಮೂರನೆಯದರಿಂದ ಬೇಗ ಕೆಟ್ಟರೆ ಗಾಡಿ. ನಾಲ್ಕೂ ಒಟ್ಟಿಗೇ ಕೆಟ್ಟರೆ ತೊಗಲು ಬಿಡಿಸುವ ಹೊತ್ತಿಗೇ ಎಲ್ಲ ಮುಗಿದಿತ್ತು, ಮುಂದಿನದ್ದನ್ನು ತೊಳೆದು ಬಳಿದು ಲಾಭವಿಲ್ಲ. ಲ್ಯಾಬಿಗೆ ಕೊಟ್ಟರೆ ಅಂಕಿ ಸಿಗುತ್ತದೆ ನಿಜ, ಆದರೆ ಎಲ್ಲಿಂದ ತುಂಡು ತೆಗೆಯಬೇಕು ಅಂತ ಗೊತ್ತಿಲ್ಲದೆ ಕೊಟ್ಟರೆ ದುಡ್ಡು ದಂಡ.

ಕೋಳಿ ಅಂಗಡಿಯವರಿಗೂ ಇದೇ ದಾರಿ, ಅನುಮಾನದ ಜಾಗ ಮಾತ್ರ ಬೇರೆ. ಬೆಳಗ್ಗೆಯಿಂದ ಬದಲಿಸದ ಬಿಸಿನೀರಿನ ಡ್ರಮ್ಮು ಮತ್ತು ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳನ್ನು ಮೊದಲು ನೋಡಿ. ಮನೆಯವರಿಗೆ ಒಂದು ಮಾತು: ಹಸಿ ಕೋಳಿಯನ್ನು ಸಿಂಕಿನಲ್ಲಿ ನಲ್ಲಿ ಬಿಟ್ಟು ತೊಳೆಯಬೇಡಿ. ಕ್ಯಾಂಪಿಲೊಬ್ಯಾಕ್ಟರ್ ಅನ್ನುವ, ಭೇದಿ ತರುವ ಬ್ಯಾಕ್ಟೀರಿಯಾ ಸಿಡಿದು ಪಕ್ಕದ ಸೌತೆಕಾಯಿಗೆ ಕೂರುತ್ತದೆ. ಕೋಳಿ ಬೇಯುತ್ತದೆ, ಸೌತೆಕಾಯಿಯನ್ನು ಹಸಿಯಾಗಿ ತಿನ್ನುತ್ತೀರಿ.

ವಾಸನೆ ಇಲ್ಲ, ಆದರೆ ತಿಂದವರಿಗೆ ಕಾಯಿಲೆ

ಇದು ಪೂರ್ತಿ ಬೇರೆ ದೋಷ. ಖಂಡವನ್ನು ನಾರಿಸುವ ಬ್ಯಾಕ್ಟೀರಿಯಾ ಬೇರೆ, ಮನುಷ್ಯನನ್ನು ಮಲಗಿಸುವ ಬ್ಯಾಕ್ಟೀರಿಯಾ ಬೇರೆ. ಸಾಲ್ಮೊನೆಲ್ಲಾ ಇರುವ ಮಟನ್ ನೋಡಲು, ಮೂಸಲು ಒಂದಿಷ್ಟೂ ತಪ್ಪು ಕಾಣುವುದಿಲ್ಲ. ಇಲ್ಲಿ ಗಡಿಯಾರ ನೋಡಬೇಕು, ಊಟದಿಂದ ಕಾಯಿಲೆವರೆಗೆ ಎಷ್ಟು ಹೊತ್ತು ಅಂತ.

ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಸ್ಟ್ಯಾಫಿಲೊಕಾಕಸ್ ಮೇಲೆ ಅನುಮಾನ. ಅದು ಬರುವುದು ಗಾಯವಾದ ಕೈ, ಮೂಗಿನಿಂದ. ಅದರ ವಿಷ ಕುದಿಸಿದರೂ ಹೋಗುವುದಿಲ್ಲ, ಆದ್ದರಿಂದ ಚೆನ್ನಾಗಿ ಬೇಯಿಸಿದ್ದೆವು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎಂಟರಿಂದ ಹದಿನಾರು ಗಂಟೆಗೆ ಜ್ವರವಿಲ್ಲದೆ ಹೊಟ್ಟೆ ಹಿಂಡಿ ಭೇದಿಯಾದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಜಾತ್ರೆ, ಕರಿ ದಿನ, ಮದುವೆ ಮರುದಿನದ ಊಟದಲ್ಲಿ ಇದನ್ನೇ ಮೊದಲು ನೆನೆಯಬೇಕು. ಇದರ ಬೀಜಾಣು ಕುದಿಯುವ ಹಂಡೆಯಲ್ಲೂ ಬದುಕುತ್ತದೆ, ಒಲೆ ಆರಿಸಿ ಹಂಡೆ ಬೆಚ್ಚಗೆ ಕೂತಾಗ ಮೊಳೆತು ಬೆಳೆಯುತ್ತದೆ. ಅಲ್ಲಿ ಅಂಗಡಿಯದ್ದಕ್ಕಿಂತ ಅಡುಗೆಯದ್ದೇ ದೋಷ. ಹಂಡೆ ಒಂದೋ 60 ಡಿಗ್ರಿಯ ಮೇಲೆ ಇರಬೇಕು, ಇಲ್ಲ ಸಣ್ಣ ಪಾತ್ರೆಗಳಿಗೆ ಹಂಚಿ ಬೇಗ ಆರಿಸಬೇಕು. ಹನ್ನೆರಡರಿಂದ ಮೂವತ್ತಾರು ಗಂಟೆಗೆ ಜ್ವರದ ಜೊತೆ ಭೇದಿ ಆದರೆ ಸಾಲ್ಮೊನೆಲ್ಲಾ, ಎರಡರಿಂದ ಐದು ದಿನಕ್ಕೆ ಆದರೆ ಕ್ಯಾಂಪಿಲೊಬ್ಯಾಕ್ಟರ್. ಇವೆರಡೂ ಅರೆಬೆಂದ ಖಂಡದಿಂದಲೋ ಹಸಿ ಖಂಡ ಮುಟ್ಟಿದ ಚೂರಿಯಿಂದ ಈರುಳ್ಳಿ ಹೆಚ್ಚಿದ್ದರಿಂದಲೋ ಬರುತ್ತವೆ. ಭೇದಿಯಲ್ಲಿ ರಕ್ತ ಕಂಡರೆ, ಅದರಲ್ಲೂ ಮಕ್ಕಳಲ್ಲಿ, ಗಡಿಯಾರ ನೋಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇದು ಅಂದಾಜು ಮಾತ್ರ, ಖಚಿತ ಮಾಡುವುದು ಲ್ಯಾಬ್. ಹತ್ತಾರು ಜನ ಒಟ್ಟಿಗೆ ಮಲಗಿದಾಗ ಊರವರು ಹೆದರಿ ಮೊದಲು ಮಾಡುವುದು ಉಳಿದ ಸಾರನ್ನು ಚೆಲ್ಲಿ ಹಂಡೆ ತಿಕ್ಕಿಡುವುದು. ಚೆಲ್ಲಬೇಡಿ. ಕುದಿಸಿದ ಡಬ್ಬಿಯಲ್ಲಿ ಒಂದು ಹಿಡಿ ಎತ್ತಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ, ಗಡ್ಡೆ ಕಟ್ಟಿದರೆ ಪರ್ಫ್ರಿಂಜೆನ್ಸ್ ಸತ್ತು ಕೈಗೆ ಸಿಗದೆ ಹೋಗಬಹುದು. ಅಂಗಡಿಯಲ್ಲಿ ಅದೇ ಕುರಿಯ ಖಂಡ ಉಳಿದಿದ್ದರೆ ಅದನ್ನೂ ಬೇರೆ ಎತ್ತಿಡಲು ಹೇಳಿ. ಯಾರು ಏನು ತಿಂದರು, ಎಷ್ಟು ಗಂಟೆಗೆ, ಯಾವಾಗ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ತಿಂದೂ ಏನೂ ಆಗದವರ ಹೆಸರನ್ನೂ ಬರೆಯಬೇಕು. ಆ ಹಾಳೆ ಮತ್ತು ಡಬ್ಬಿಯನ್ನು ಆರೋಗ್ಯ ಇಲಾಖೆಯವರು ಬಂದಾಗ ಕೈಗೆ ಕೊಡಿ.